ಕಂಪನಿ, ಬುಲ್‌ಬುಲ್, ಮರ್ಯಾದಿ: ಗೈಡ್ ಹುಡುಗಿಯರ ಪದಗಳನ್ನು ಓದುತ್ತ

ಆರನೇ ತರಗತಿಯಲ್ಲಿದ್ದಾಗ ಕಲಬುರಗಿಯ ಶಾಲೆಯಲ್ಲಿ ನಾನು ಗೈಡ್ಸ್ ಸೇರಿದೆ. ಆ ವಾರವೇ ಕಮಲಾಪುರಕ್ಕೆ, ಆಯಿಯ ಮನೆಗೆ ಹೋದೆ. ಹೊಸ ಸ್ಕಾರ್ಫ್ ಕೊರಳಿಗೆ ಸುತ್ತಿಕೊಂಡು, "ಆಯಿ, ನಾ ಕಂಪನಿ ಸೇರೀನಿ" ಅಂದೆ. ರೊಟ್ಟಿ ಬಡಿಯುತ್ತಿದ್ದ ಆಯಿಯ ಕೈ ನಿಂತಿತು. "ಹೆಣ್ಣುಮಗಳು ಕಂಪನಿ ಸೇರತಾಳಂತ! ಪದಾ ಹಾಡತೀಯೋ, ಕುಣೀತೀಯೋ?" ಎಂದು ಕೇಳಿದಳು. ಆಯಿಗೆ ಗೊತ್ತಿದ್ದದ್ದು ಒಂದೇ ಕಂಪನಿ. ಅದು ಜಾತ್ರೆಯಲ್ಲಿ ತಂಬು ಹಾಕಿ ನಾಟಕ ಆಡುವ ಕಂಪನಿ. ಶರಣಬಸವೇಶ್ವರ ಜಾತ್ರೆಗೆ ಬಂದಾಗ ಕದ್ದು ಹೋಗಿ ನಾಟಕ ನೋಡಿ ಮನೆಯಲ್ಲಿ ಬೈಸಿಕೊಂಡ ಕಥೆಯನ್ನು ಅವಳೇ ನನಗೆ ಹೇಳಿದ್ದಳು. "ಅದಲ್ಲ ಆಯಿ, ಗೈಡ್ ಕಂಪನಿ" ಎಂದು ಬಿಡಿಸಿ ಹೇಳಲು ಹೋದೆ. 'ಗೈಡ್' ಅಂದರೇನು ಎಂದು ಕೇಳಿದಳು. ನನಗೂ ಗೊತ್ತಿರಲಿಲ್ಲ. ಪರೀಕ್ಷೆ ಪಾಸಾಗಲು ಅಂಗಡಿಯಲ್ಲಿ ಸಿಗುವ ಗೈಡ್ ಒಂದೇ ಆಗ ನನಗೆ ಗೊತ್ತಿದ್ದದ್ದು.

ಈಗ ಸಂಶೋಧನೆಗೆ ಸೇರಿದ ಮೇಲೆ ಆ ಪದಕ್ಕೆ ಮೂರನೆಯ ಅರ್ಥವೂ ಬಂದಿದೆ. ನನ್ನ ಅಧ್ಯಾಯಗಳನ್ನು ತಿದ್ದುವವರೂ 'ನಮ್ಮ ಗೈಡ್'! ಕಲ್ಯಾಣ ಕರ್ನಾಟಕದ ಹೆಣ್ಣುಮಕ್ಕಳ ಆಡುಮಾತಿಗೆ ಹೊರಗಿನಿಂದ ಬಂದು ಸೇರಿದ ಪದಗಳ ಮೇಲೆ ಕೆಲಸ ಮಾಡುತ್ತಿದ್ದೇನೆ. ಅದರ ನಡುವೆ ನನ್ನ ಹಳೆಯ ಗೈಡ್ ಡೈರಿ ಸಿಕ್ಕಿತು. ಕಂಪನಿ, ಪೆಟ್ರೋಲ್, ಕೋರ್ಟ್ ಆಫ್ ಆನರ್, ಸೋಪಾನ, ಪುರಸ್ಕಾರ, ಸಾವಧಾನ್, ತಯಾರ್ ಎಂದು ಪುಟ ತುಂಬ ಪದಗಳು. ಒಂದು ವಿಚಾರ ಸಂಕಿರಣದಲ್ಲಿ ಇವುಗಳ ಬಗ್ಗೆ ಮಾತಾಡಿದಾಗ ಹಿರಿಯರೊಬ್ಬರು, "ಇದೆಲ್ಲ ಎರವಲು. ಇದರಲ್ಲಿ ಓದುವುದಕ್ಕೇನಿದೆ? ಕನ್ನಡದ ಪದ ಹಾಕಿದರೆ ಮುಗಿಯಿತು" ಅಂದರು. ಆ ಮಾತು ಅರ್ಧ ಮಾತ್ರ ಸರಿ ಎಂದು ನನಗೆ ಅನ್ನಿಸುತ್ತದೆ. ಈ ಪದಗಳು ಎರವಲು ನಿಜ. ಹುಡುಗಿಯರನ್ನು ಎಲ್ಲಿ ನಿಲ್ಲಿಸಬೇಕೆಂದು ಬೇರೆಯವರು ತೀರ್ಮಾನಿಸಿ ಕೊಟ್ಟ ಪದಗಳು ಎಂಬುದೂ ನಿಜ. ಆದರೆ ಅವು ನಮ್ಮ ಬಾಯಿಗೆ ಬಂದ ಮೇಲೆ ಏನಾದವು ಎಂಬುದನ್ನೂ ನೋಡಬೇಕಲ್ಲವೇ?

ಮೊದಲು 'ಗೈಡ್' ಪದವನ್ನೇ ನೋಡೋಣ. ಇದು ಇಂಗ್ಲೆಂಡಿನಲ್ಲಿ ಹುಟ್ಟಿ ನಮ್ಮಲ್ಲಿಗೆ ಬಂದ ಪದ ಎಂದು ನಾವು ತಿಳಿಯುತ್ತೇವೆ. ಹೆಸರಿನ ದಾರಿ ಅಷ್ಟು ನೇರವಾಗಿಲ್ಲ. 1846ರಲ್ಲಿ ಪೇಶಾವರದಲ್ಲಿ ಹ್ಯಾರಿ ಲಮ್ಸ್‌ಡೆನ್ ಎಂಬ ಅಧಿಕಾರಿ 'ಕೋರ್ ಆಫ್ ಗೈಡ್ಸ್' ಎಂಬ ಪಡೆ ಕಟ್ಟಿದ. ವಾಯವ್ಯ ಗಡಿಯ ಗುಡ್ಡಗಾಡಿನಲ್ಲಿ ದಾರಿ ತೋರುವುದು, ಸುದ್ದಿ ತರುವುದು, ಕಾದುವುದು ಅದರ ಕೆಲಸ. ಧೂಳಿನ ಬಣ್ಣದ ಖಾಕಿಯನ್ನು ಸಮವಸ್ತ್ರವಾಗಿ ಮೊದಲು ತೊಟ್ಟ ಪಡೆಯೂ ಅದೇ. ಭಾರತದಲ್ಲಿ ಸೈನ್ಯದಲ್ಲಿದ್ದ ಬೇಡನ್ ಪೊವೆಲ್ ಮುಂದೆ ಹುಡುಗಿಯರ ಸಂಸ್ಥೆಗೆ ಹೆಸರು ಹುಡುಕುವಾಗ ಆ ಪಡೆಯ ಹೆಸರನ್ನು ಆರಿಸಿದ. ಅಂದರೆ ನಮ್ಮ ಉಪಖಂಡದ ಗಡಿಯಲ್ಲಿ ಸಿಪಾಯಿಗಳಿಗೆ ಇಟ್ಟ ಹೆಸರು ಲಂಡನ್ನಿಗೆ ಹೋಗಿ, ಹುಡುಗಿಯರ ಹೆಸರಾಗಿ, ತಿರುಗಿ ನಮ್ಮಲ್ಲಿಗೆ ಬಂತು. 1911ರಲ್ಲಿ ಜಬಲ್ಪುರದಲ್ಲಿ ಭಾರತದ ಮೊದಲ ಗೈಡ್ ಕಂಪನಿ ಶುರುವಾದಾಗ ಅದರಲ್ಲಿ ಭಾರತೀಯ ಹುಡುಗಿಯರಿಗೆ ಜಾಗವಿರಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು.

ಗಂಡುಮಕ್ಕಳ ಕಬ್ ವಿಭಾಗದ 'ಅಕೇಲಾ' ಕೂಡ ಹೀಗೆಯೇ ಸುತ್ತಿ ಬಂದ ಪದ. ಮುಂಬಯಿಯಲ್ಲಿ ಹುಟ್ಟಿದ ಕಿಪ್ಲಿಂಗ್ 1894ರ 'ಜಂಗಲ್ ಬುಕ್'ನಲ್ಲಿ ತೋಳಗಳ ನಾಯಕನಿಗೆ ಆ ಹೆಸರಿಟ್ಟ. ಇವತ್ತು ಎಷ್ಟೋ ದೇಶಗಳ ಮಕ್ಕಳು ತಮ್ಮ ನಾಯಕರನ್ನು 'ಅಕೇಲಾ' ಎಂದು ಕರೆಯುತ್ತಾರೆ. ಆದರೆ ಮನೆಯಲ್ಲಿ ದಖನಿ ಉರ್ದು ಆಡುವ ಕಲಬುರಗಿಯ ಹುಡುಗನಿಗೆ ಮಾತ್ರ ಅದರ ಅರ್ಥ 'ಒಂಟಿ' ಎಂದು ಯಾರೂ ಹೇಳಿಕೊಡಬೇಕಿಲ್ಲ.

ಹುಡುಗಿಯರ ಪದಗಳಲ್ಲಿ ಇನ್ನೊಂದು ಎಳೆ ಇದೆ. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಸ್ಕೌಟ್ ಹುಡುಗರ ಮೊದಲ ದೊಡ್ಡ ಮೇಳ ನಡೆದಾಗ, ಯಾರೂ ಕರೆಯದೆ ಕೆಲವು ಹುಡುಗಿಯರು ಸ್ಕೌಟ್ ಟೋಪಿ ಹಾಕಿಕೊಂಡು ಬಂದು ನಿಂತರು. ತಾವೂ ಸ್ಕೌಟ್‌ಗಳೇ ಅಂದರು. ಅವರ ತಂಡಗಳಿಗೆ ಹುಡುಗರ ತಂಡಗಳಂತೆ ಪ್ರಾಣಿಗಳ ಹೆಸರಿದ್ದವು. ಮರುವರ್ಷ ಬೇಡನ್ ಪೊವೆಲ್‌ನ ತಂಗಿ ಆಗ್ನೆಸ್‌ಳ ನೇತೃತ್ವದಲ್ಲಿ ಗರ್ಲ್ ಗೈಡ್ಸ್ ಹುಟ್ಟಿತು. ಅದರೊಂದಿಗೆ ಹುಡುಗಿಯರ ಕೈಯಿಂದ 'ಸ್ಕೌಟ್' ಎಂಬ ಪದ ಹೋಯಿತು, ತೋಳ ನರಿಗಳೂ ಹೋದವು. ಪೆಟ್ರೋಲ್‌ಗಳಿಗೆ ಹೂವಿನ ಹೆಸರುಗಳು ಬಂದವು. 1912ರಲ್ಲಿ ಬಂದ ಅವರ ಕೈಪಿಡಿಯ ಶೀರ್ಷಿಕೆಯಲ್ಲೇ ಸಾಮ್ರಾಜ್ಯ ಕಟ್ಟಲು ಹುಡುಗಿಯರು ಹೇಗೆ ನೆರವಾಗಬಹುದು ಎಂಬ ಮಾತಿತ್ತು. ಅಮೆರಿಕದಲ್ಲಿ ಜೂಲಿಯೆಟ್ ಲೋ 1912ರಲ್ಲಿ ಗರ್ಲ್ ಗೈಡ್ಸ್ ಎಂದು ಶುರುಮಾಡಿ ಮರುವರ್ಷವೇ ಗರ್ಲ್ ಸ್ಕೌಟ್ಸ್ ಎಂದು ಹೆಸರು ಬದಲಿಸಿದಾಗ, ಹುಡುಗರ ಸಂಸ್ಥೆಯ ಮುಖ್ಯಸ್ಥರು ವರ್ಷಗಟ್ಟಲೆ ತಕರಾರು ತೆಗೆದರು. ಹುಡುಗಿಯರೂ ಅದೇ ಹೆಸರಿಟ್ಟುಕೊಂಡರೆ ಹುಡುಗರ ಪಾಲಿಗೆ ಆ ಪದದ ಗತ್ತು ಹೋಗುತ್ತದೆ ಎಂಬುದೇ ಆ ತಕರಾರಿನ ತಿರುಳು.

ಚಿಕ್ಕ ಹುಡುಗಿಯರ ವಿಭಾಗದ ಹೆಸರಿನ ಕಥೆ ಇನ್ನೂ ಕುತೂಹಲದ್ದು. 1914ರಲ್ಲಿ ಅವರಿಗೆ 'ರೋಸ್‌ಬಡ್ಸ್', ಅಂದರೆ ಗುಲಾಬಿ ಮೊಗ್ಗು ಎಂದು ಹೆಸರಿಟ್ಟರು. ಆ ಮಕ್ಕಳಿಗೆ ಹೆಸರು ಹಿಡಿಸಲಿಲ್ಲ. ಮರುವರ್ಷ 'ಬ್ರೌನೀಸ್' ಎಂದಾಯಿತು. ಬ್ರೌನಿ ಅಂದರೆ ರಾತ್ರಿ ಬಂದು ಯಾರಿಗೂ ಕಾಣದೆ ಮನೆಗೆಲಸ ಮಾಡಿಟ್ಟು ಹೋಗುವ ಒಂದು ಪುಟ್ಟ ಭೂತ. ಜೂಲಿಯಾನಾ ಯೂಯಿಂಗ್ ಎಂಬ ಲೇಖಕಿ 19ನೇ ಶತಮಾನದಲ್ಲಿ ಬರೆದ ಕಥೆಯಿಂದ ಆ ಹೆಸರು ಬಂತು. ಆ ಕಥೆಯಲ್ಲಿ ಬ್ರೌನಿಯನ್ನು ಹುಡುಕಿಕೊಂಡು ಹೊರಟು, ಬ್ರೌನಿ ಎಂದರೆ ತಾವೇ ಎಂದು ಅರಿತು, ನಸುಕಿನಲ್ಲೆದ್ದು ಕಸಗುಡಿಸಿ ಒಲೆ ಹಚ್ಚಿ ಅಪ್ಪನಿಗೆ ನೆರವಾಗುವ ಇಬ್ಬರು ಮಕ್ಕಳಿದ್ದಾರೆ. ಟಾಮಿ ಮತ್ತು ಜಾನಿ, ಇಬ್ಬರೂ ಗಂಡುಮಕ್ಕಳು! ಗೈಡ್ ಸಂಸ್ಥೆಯಲ್ಲಿ ಆ ಕಥೆಯನ್ನು ಮತ್ತೆ ಹೇಳುವಾಗ ಇಬ್ಬರಲ್ಲಿ ಒಬ್ಬ ಹುಡುಗಿಯಾದಳು. ಹುಡುಗರ ಮನೆಗೆಲಸದ ಕಥೆಯಾಗಿದ್ದದ್ದು ಹುಡುಗಿಯರ ಪಾಠವಾಯಿತು. ಅದೇ ಹೊತ್ತಿಗೆ ಅದೇ ವಯಸ್ಸಿನ ಹುಡುಗರಿಗೆ ಸಿಕ್ಕಿದ್ದು ಮೋಗ್ಲಿಯ ಕಾಡು. ಹೆಸರು ಎಂಬುದು ಬರೀ ಹೆಸರಲ್ಲ, ಒಬ್ಬರಿಗೆ ಕಾಡನ್ನೂ ಇನ್ನೊಬ್ಬರಿಗೆ ಕಸಬರಿಗೆಯನ್ನೂ ಕೊಡುವ ಹಂಚಿಕೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಭಾರತದಲ್ಲಿ ಬ್ರೌನಿಗಳನ್ನು 'ಬ್ಲೂಬರ್ಡ್ಸ್' ಎಂದು ಕರೆದರು. ಬೇಡನ್ ಪೊವೆಲ್ 1920ರಲ್ಲಿ ಈ ಮಕ್ಕಳಿಗಾಗಿ ಬರೆದ ಕೈಪಿಡಿಗೆ 'ಬ್ರೌನೀಸ್ ಆರ್ ಬ್ಲೂಬರ್ಡ್ಸ್' ಎಂದೇ ಹೆಸರು. ಸ್ವಾತಂತ್ರ್ಯದ ನಂತರ, 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ರೂಪುಗೊಂಡಿತು. 1951ರಲ್ಲಿ ಹುಡುಗಿಯರ ಸಂಸ್ಥೆಯೂ ಅದರಲ್ಲಿ ಸೇರಿತು. ನೀಲಿ ಹಕ್ಕಿಗಳು ಬುಲ್‌ಬುಲ್‌ಗಳಾದವು. ಇವತ್ತಿಗೂ ಹತ್ತು ವರ್ಷದೊಳಗಿನ ಹುಡುಗಿ ಬುಲ್‌ಬುಲ್, ಆಮೇಲೆ ಗೈಡ್, ಕಾಲೇಜಿಗೆ ಬಂದರೆ ರೇಂಜರ್. ಕಬ್‌ಗಳಿಗೆ ಮೋಗ್ಲಿಯ ಕಥೆ ಹೇಳುವಂತೆ ಬುಲ್‌ಬುಲ್‌ಗಳಿಗೆ ತಾರಾಳ ಕಥೆ ಹೇಳುತ್ತಾರೆ.

ನಮ್ಮ ಪಕ್ಷಿ ಪುಸ್ತಕಗಳಲ್ಲಿ ಬುಲ್‌ಬುಲ್ ಹಕ್ಕಿಗೆ ಪಿಕಳಾರ ಎಂಬ ಚೆಂದದ ಹೆಸರಿದೆ. ಹಾಗಾದರೆ ಪಿಕಳಾರ ಎಂದೇಕೆ ಕರೆಯಬಾರದು? ಕರೆಯಬಹುದು. ಆದರೆ ಬಂದೇ ನವಾಜರ ದರ್ಗಾ ಇರುವ ಊರಿನಲ್ಲಿ, ಉರ್ದು ಕವಿಗೋಷ್ಠಿಗಳ ಊರಿನಲ್ಲಿ ಬುಲ್‌ಬುಲ್ ಎಂಬ ಪದ ಪರಕೀಯವಲ್ಲ. ಫಾರಸಿ ಮತ್ತು ಉರ್ದು ಕಾವ್ಯದಲ್ಲಿ ಬುಲ್‌ಬುಲ್ ಗುಲಾಬಿಯನ್ನು ಪ್ರೀತಿಸಿ ಹಾಡುವ ಹಕ್ಕಿ. ಅಲ್ಲಿ ಗುಲಾಬಿ ಸುಮ್ಮನೆ ಅರಳಿ ನಿಲ್ಲುತ್ತದೆ, ಹಾಡುವುದು ಬುಲ್‌ಬುಲ್. ಲಂಡನ್ನಿನಲ್ಲಿ ಗುಲಾಬಿ ಮೊಗ್ಗು ಎನ್ನಿಸಿಕೊಂಡ ಹುಡುಗಿ, ಹೆಸರುಗಳ ಈ ಅಲೆದಾಟದಲ್ಲಿ, ಗುಲಾಬಿಗಾಗಿ ಹಾಡುವ ಹಕ್ಕಿಯಾದಳು. ಇದನ್ನು ಯಾರೂ ಯೋಚಿಸಿ ಮಾಡಿರಲಿಕ್ಕಿಲ್ಲ. ಆದರೆ ಪದಗಳು ತಮ್ಮನ್ನು ಆರಿಸಿದವರ ಉದ್ದೇಶವನ್ನು ಮೀರಿ ಕೆಲಸ ಮಾಡುತ್ತವೆ ಎಂದು ಸಾಹಿತ್ಯದ ವಿದ್ಯಾರ್ಥಿಗಳಿಗೆ ಬೇರೆ ಹೇಳಬೇಕಿಲ್ಲ.

ಇನ್ನು ಕನ್ನಡೀಕರಣದ ಪ್ರಶ್ನೆ. ನನ್ನ ಡೈರಿಯ ಪದಗಳು ಮೂರು ಪದರದವು. ಕಂಪನಿ, ಪೆಟ್ರೋಲ್, ಕ್ಯಾಪ್ಟನ್ ಇಂಗ್ಲಿಷಿನ ಸೈನ್ಯದವು. ಪ್ರಥಮ ಸೋಪಾನ, ರಾಜ್ಯ ಪುರಸ್ಕಾರ, ಬುಲ್‌ಬುಲ್‌ಗಳ ಕೋಮಲ ಪಂಖ, ಹೀರಕ ಪಂಖ ಮೊದಲಾದವು ಸಂಸ್ಕೃತ ತುಂಬಿದ ಹಿಂದಿಯವು. ಧ್ಯೇಯವಾಕ್ಯಗಳು ಮಾತ್ರ ಬೇರೆ ಮನೆಯವು. ಬುಲ್‌ಬುಲ್‌ಗಳಿಗೆ 'ಕೋಶಿಶ್ ಕರೋ', ಗೈಡ್‌ಗಳಿಗೆ 'ತಯಾರ್', ರೇಂಜರ್‌ಗಳಿಗೆ 'ಸೇವಾ'. ಇವುಗಳಲ್ಲಿ ಯಾವುದು ಕನ್ನಡ? ಪಠ್ಯಪುಸ್ತಕದ ಲೆಕ್ಕದಲ್ಲಿ ಸೋಪಾನ ಕನ್ನಡ, ತಯಾರ್ ಪರಭಾಷೆ. ಕಮಲಾಪುರದ ಲೆಕ್ಕ ಬೇರೆ. ಅಲ್ಲಿ ನಸುಕಿನಲ್ಲಿ ಮಕ್ಕಳನ್ನು ಎಬ್ಬಿಸುವ ತಾಯಿ "ಜಲ್ದಿ ತಯಾರಾಗು" ಎನ್ನುತ್ತಾಳೆ. ಸೋಪಾನ ಎಂದರೆ ಅವಳಿಗೆ ತಿಳಿಯುವುದಿಲ್ಲ, ಪಾವಟಿಗೆ ಎಂದರೆ ತಿಳಿಯುತ್ತದೆ. 'ಸಿದ್ಧಳಾಗಿರು' ಎಂದು ತಿದ್ದಿದರೆ ಪದ ಶುದ್ಧವಾಗಬಹುದು, ಹತ್ತಿರವಾಗುವುದಿಲ್ಲ. ನಿಜಾಮರ ಕಾಲದಿಂದ ನಮ್ಮ ಕನ್ನಡದೊಳಗೆ ಬೆರೆತ ಪದಗಳನ್ನು ಹೊರಗಿನವು ಎಂದು ಎಣಿಸಿ, ದೂರದ ಸಂಸ್ಕೃತ ಪದವನ್ನು ಒಳಗಿನದು ಎಂದು ಎಣಿಸುವ ಅಭ್ಯಾಸವನ್ನು ಈ ಚಿಕ್ಕ ಪದಪಟ್ಟಿಯೇ ಪ್ರಶ್ನಿಸುತ್ತದೆ.

ಅನುವಾದಕ್ಕೆ ಒಗ್ಗದ ಇನ್ನೊಂದು ಪದ ನಿಯಮದಲ್ಲಿದೆ. ಇಂದಿನ ಒಂಬತ್ತು ನಿಯಮಗಳು ಸ್ಕೌಟ್ ಮತ್ತು ಗೈಡ್ ಇಬ್ಬರಿಗೂ ಒಂದೇ. ಬೇರೆಯಾಗುವುದು ಒಂದು ಕಡೆ ಮಾತ್ರ. ಸ್ಕೌಟ್ ಉಳಿದ ಸ್ಕೌಟ್‌ಗಳಿಗೆ ಸಹೋದರ, ಗೈಡ್ ಉಳಿದ ಗೈಡ್‌ಗಳಿಗೆ ಸಹೋದರಿ. ಆದರೆ ನಾವು ಯಾರನ್ನಾದರೂ 'ಸಹೋದರಿ' ಎಂದು ಕರೆದಿದ್ದೇವೆಯೇ? ಆಡುವ ಕನ್ನಡದಲ್ಲಿ ಸಮಾನಳಾದ ಸಹೋದರಿ ಇಲ್ಲ. ಅವಳು ಅಕ್ಕನಾಗಬೇಕು, ಇಲ್ಲವೇ ತಂಗಿಯಾಗಬೇಕು. ನಾವು ಪೆಟ್ರೋಲ್ ಲೀಡರ್‌ಗೆ ಅಕ್ಕ ಎಂದೆವು. ಗೈಡ್ ಕ್ಯಾಪ್ಟನ್‌ಗೆ ನಮ್ಮ ಕಡೆ ಶಿಕ್ಷಕಿಯರಿಗೆ ಅನ್ನುವಂತೆ ಅಕ್ಕೋರು ಎಂದೆವು. ಇಂಗ್ಲಿಷಿನ ಸಮಾನತೆ ನಮ್ಮ ಬಾಯಲ್ಲಿ ಹಿರಿ ಕಿರಿಯ ಸಾಲಾಯಿತು. ಇದು ನಷ್ಟ ಎಂದು ಮೊದಲು ಬರೆದುಕೊಂಡಿದ್ದೆ. ಆಮೇಲೆ ಯೋಚಿಸಿದಾಗ, ಕಮಲಾಪುರದಿಂದ ಹೆಚ್ಚು ದೂರವಿಲ್ಲದ ಬಸವಕಲ್ಯಾಣದ ನೆನಪಾಯಿತು. ಮಹಾದೇವಿ ಎಂಬ ಚಿಕ್ಕ ವಯಸ್ಸಿನ ಹೆಣ್ಣುಮಗಳನ್ನು ಹಿರಿಯ ಶರಣರು ಅಕ್ಕ ಎಂದು ಕರೆದರು ಎಂಬುದು ನಮ್ಮ ಪರಂಪರೆ. ಆ ಪದಕ್ಕೆ ವಯಸ್ಸನ್ನು ದಾಟುವ ಶಕ್ತಿ ಇದೆ. ನಮ್ಮ ಪೆಟ್ರೋಲ್‌ನಲ್ಲೂ ಲೀಡರ್ ಬದಲಾದಾಗ, ವಯಸ್ಸಿನಲ್ಲಿ ಚಿಕ್ಕವಳಾಗಿದ್ದವಳಿಗೂ ನಾವು ಅಕ್ಕ ಎಂದೇ ಅನ್ನುತ್ತಿದ್ದೆವು.

ಎಲ್ಲ ಪದಗಳೂ ಹೀಗೆ ಒಲಿಯಲಿಲ್ಲ. 'ಸಾವಧಾನ್' ಎಂದು ಅಕ್ಕೋರು ಕೂಗಿದರೆ ಹಿಮ್ಮಡಿ ಕೂಡಿಸಿ, ಎದೆ ಎತ್ತಿ, ಕಣ್ಣು ಮುಂದಿಟ್ಟು ನಿಲ್ಲುತ್ತಿದ್ದೆವು. ಕನ್ನಡದಲ್ಲಿ ಸಾವಧಾನ ಅಂದರೆ ತಾಳ್ಮೆ, ಆತುರವಿಲ್ಲದಿರುವುದು. ನಮ್ಮ ಕಡೆ ಆ ಪದ ಜೋರಾಗಿ ಕೇಳುವ ಇನ್ನೊಂದು ಜಾಗ ಮದುವೆ ಹಂದರ. ಅಕ್ಕಿಕಾಳು ಹಾಕುವ ಹೊತ್ತಿಗೆ ಸಾವಧಾನ ಎಂದು ಕೂಗುತ್ತಾರೆ. ಸಮರ್ಥ ರಾಮದಾಸರು ಹುಡುಗನಾಗಿದ್ದಾಗ ತಮ್ಮ ಮದುವೆಯಲ್ಲಿ ಆ ಪದ ಕೇಳಿ ಎಚ್ಚೆತ್ತು ಹಂದರದಿಂದ ಓಡಿಹೋದರು ಎಂಬ ಐತಿಹ್ಯವಿದೆ. ನನ್ನ ಪೆಟ್ರೋಲ್‌ನ ಗೆಳತಿಯೊಬ್ಬಳ ಮದುವೆ ಪಿಯುಸಿ ಮುಗಿಯುತ್ತಿದ್ದಂತೆ ಆಯಿತು. ಕಂಪನಿಯಲ್ಲಿ ಎಲ್ಲರಿಗಿಂತ ನೆಟ್ಟಗೆ ನಿಲ್ಲುತ್ತಿದ್ದವಳು ಅವಳೇ. ಹಂದರದಲ್ಲಿ ಸಾವಧಾನ ಎಂದಾಗ ಅವಳು ತಲೆ ತಗ್ಗಿಸಿ ನಿಂತಿದ್ದಳು. ಒಂದೇ ಪದ, ಎರಡು ಬಗೆಯ ನಿಲುವು. ಓಡಿಹೋದ ಹುಡುಗನಿಗೆ ಕಥೆ ಇದೆ. ಅವಳ ಬಗ್ಗೆ ಯಾರೂ ಕಥೆ ಕಟ್ಟಲಿಲ್ಲ.

ಈಗ ನಾನು ಇಷ್ಟು ಹೊತ್ತು ಸುತ್ತುತ್ತಿದ್ದ ಪದಕ್ಕೆ ಬರುತ್ತೇನೆ. ಗೈಡ್ ಪ್ರತಿಜ್ಞೆಯ ಇಂಗ್ಲಿಷ್ ಪಾಠ 'ನನ್ನ ಆನರ್ ಮೇಲೆ' ಎಂದು ಶುರುವಾಗುತ್ತದೆ. ನಾವು ಹೇಳುತ್ತಿದ್ದದ್ದು ಹಿಂದಿ ಪಾಠ. ಅದರಲ್ಲಿ ಆನರ್ ಜಾಗದಲ್ಲಿ 'ಮರ್ಯಾದಾ' ಇದೆ. ಮೂರು ಬೆರಳು ಎತ್ತಿ, ಹನ್ನೊಂದು ವರ್ಷದ ನಾನು ಮರ್ಯಾದಾಪೂರ್ವಕ್ ಎಂದೆ. ನನ್ನ ಬಾಯಿಂದ ಆ ಪದ ನನ್ನದಾಗಿ ಬಂದದ್ದು ಅದೇ ಮೊದಲು. ಅದುವರೆಗೆ ಮರ್ಯಾದಿ ಎಂಬುದು ಮನೆಯದು, ಅಪ್ಪನದು, ಓಣಿಯಲ್ಲಿ ನಮ್ಮ ಮಂದಿಯದು. ಹುಡುಗಿ ಅದನ್ನು ಕಾಯಬೇಕು, ಕಳೆಯಬಾರದು. ತನ್ನದು ಎಂದು ಅದರ ಮೇಲೆ ಆಣೆ ಇಡಲು ಅವಳಿಗೆ ಹಕ್ಕಿಲ್ಲ. ಪ್ರತಿಜ್ಞೆಯಲ್ಲಿ ಅದು ಇದ್ದಕ್ಕಿದ್ದಂತೆ ನನ್ನದಾಯಿತು. ನನ್ನ ಮಾತಿಗೆ ಒತ್ತೆ ಇಡಲು ನನ್ನ ಹತ್ತಿರವೂ ಏನೋ ಇದೆ ಎಂದಾಯಿತು.

ಮೂರು ವರ್ಷದ ನಂತರ ತೃತೀಯ ಸೋಪಾನದ ಶಿಬಿರ ಬಂತು. ಊರ ಹೊರಗೆ ಮೂರು ರಾತ್ರಿ. ಅಪ್ಪ ಒಪ್ಪಲಿಲ್ಲ. "ಮೂರು ರಾತ್ರಿ ಹೊರಗಿದ್ರ ಮನಿ ಮರ್ಯಾದಿ ಏನು ಉಳೀತದ?" ಎಂದು ಕೇಳಿದರು. ಅವರು ಕೆಟ್ಟವರಲ್ಲ. ನನ್ನನ್ನು ಇಷ್ಟು ಓದಿಸಿದ್ದು ಅವರೇ. ಆ ದಿನ ಅವರ ಬಾಯಲ್ಲಿ ಬಂದ ಪದವೂ ನಾನು ಮೂರು ಬೆರಳೆತ್ತಿ ಹೇಳಿದ ಪದವೂ ಒಂದೇ. ಅದು ಯಾರದ್ದು ಎಂಬುದೇ ಜಗಳ. ನನಗೆ ಆಗ ಅದನ್ನು ಹೇಳಲು ಬರಲಿಲ್ಲ. ಅಡುಗೆಮನೆಯಿಂದ ಆಯಿ ಮಾತ್ರ, "ಕಳಸೋ, ಕೂಸು ನಾಟಕದ ಕಂಪನಿಗೇನು ಹೊಂಟಿಲ್ಲ" ಅಂದಳು. ಅಪ್ಪ ಕೇಳಿಸದವರಂತೆ ಎದ್ದು ಹೋದರು. ನನ್ನ ಡೈರಿಯಲ್ಲಿ ಎರಡನೆಯ ಸೋಪಾನದ ಸಹಿಯ ನಂತರದ ಪುಟಗಳು ಖಾಲಿ ಇವೆ.

ಹಾಗಾಗಿ 'ಕನ್ನಡದ ಪದ ಹಾಕಿದರೆ ಮುಗಿಯಿತು' ಎಂಬ ಮಾತನ್ನು ನಾನು ಒಪ್ಪಲಾರೆ. ಪೆಟ್ರೋಲ್ ಲೀಡರ್ ಎಂಬ ಪದಕ್ಕೆ ನಮ್ಮ ಮನೆಗಳಲ್ಲಿ ಹಿಂದಿನ ಅರ್ಥವಿರಲಿಲ್ಲ. ಮಗಳು, ಸೊಸೆ ಎಂಬ ಪದಗಳ ಹಿಂದೆ ಬರುವ ಹೊರೆ ಅದರ ಹಿಂದೆ ಬರಲಿಲ್ಲ. ಅರ್ಥವಾಗದ ಪದ ಕೆಲವು ಸಲ ಖಾಲಿ ಜಾಗದ ಹಾಗೆ. ಹುಡುಗಿಯೊಬ್ಬಳು ಅಲ್ಲಿ ತುಸು ಹೊತ್ತು ನಿಂತು ಉಸಿರಾಡಬಹುದು. ಹಾಗೆಂದು ಎರವಲು ಪದವೇ ಬಿಡುಗಡೆ ಎಂದೂ ನಾನು ಹೇಳುವುದಿಲ್ಲ. ಬಂದ ಪದಗಳಲ್ಲಿ ಸಾಮ್ರಾಜ್ಯದ ಧೂಳಿದೆ, ಕಸಬರಿಗೆಯ ಪಾಲೂ ಇದೆ. ಪದ ಯಾವ ಭಾಷೆಯದು ಎಂಬುದಕ್ಕಿಂತ, ಅದನ್ನು ಬದಲಿಸುವ, ಬೇಡವೆನ್ನುವ, ತನ್ನದು ಎನ್ನುವ ಹಕ್ಕು ಅದನ್ನು ಆಡುವ ಹುಡುಗಿಗೆ ಇದೆಯೇ ಎಂಬುದನ್ನು ಕೇಳಬೇಕು. ರೋಸ್‌ಬಡ್ ಬೇಡ ಎಂದ ಮಕ್ಕಳ ಮಾತು ಒಂದು ಸಲವಾದರೂ ನಡೆದಿತ್ತಲ್ಲ.

ಕಳೆದ ಜನವರಿಯ ಒಂದು ಶನಿವಾರ ಕಮಲಾಪುರದ ಶಾಲೆಯೊಂದರಲ್ಲಿ ಗೈಡ್ ಹುಡುಗಿಯರ ಜತೆ ಕೂತಿದ್ದೆ. ಹೊಸದಾಗಿ ಶುರುವಾದ ಕಂಪನಿ. ಪೆಟ್ರೋಲ್‌ಗಳಿಗೆ ಹೆಸರಿಡುವ ಕೆಲಸ ನಡೆದಿತ್ತು. ಹೂವಿನ ಹೆಸರೇ ಇಡುವುದು ರೂಢಿ ಎಂದು ಅಕ್ಕೋರು ಹೇಳಿದರು. ಮಲ್ಲಿಗೆ, ಗುಲಾಬಿ, ಊರ ಹೆಸರಿನಲ್ಲೇ ಇರುವ ಕಮಲ ಸಲೀಸಾಗಿ ಮುಗಿದವು. ನಾಲ್ಕನೆಯ ಗುಂಪಿನವರು ಬಹಳ ಹೊತ್ತು ಗುಸುಗುಸು ಮಾತಾಡಿ 'ಕುಸುಬಿ' ಅಂದರು. ಉಳಿದವರು ನಕ್ಕರು. ಎಣ್ಣೆಗೆ ಬೆಳೆಯುವ ಕುಸುಬಿಯನ್ನು ಯಾರು ಮುಡಿಯುತ್ತಾರೆ? ಅಕ್ಕೋರು, "ಯಾಕ ಕುಸುಬಿ?" ಎಂದು ಕೇಳಿದರು. ಒಬ್ಬಳು ಎದ್ದು ನಿಂತಳು.

"ಅದಕ್ಕ ಮುಳ್ಳ ಇರತಾವರಿ ಅಕ್ಕೋರೆ. ಜ್ವಾಳದ ಸುತ್ತ ಹಾಕತಾರ. ದನ ಒಳಗ ಬರಂಗಿಲ್ಲ."

ಅಕ್ಕೋರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಬೋರ್ಡಿನ ಮೇಲೆ ಬರೆದರು. ಸಂಜೆ ಕಲಬುರಗಿಗೆ ಬಸ್ಸಿನಲ್ಲಿ ಮರಳುವಾಗ ರಸ್ತೆಯ ಬದಿ ಜೋಳದ ಹೊಲಗಳ ಅಂಚಿಗೆ ಕುಸುಬಿ ಹೂಬಿಟ್ಟಿತ್ತು. ಈ ದಾರಿಯಲ್ಲಿ ಎಷ್ಟೋ ಸಲ ಓಡಾಡಿದ್ದೇನೆ. ಅದನ್ನು ಹೂವು ಎಂದು ನೋಡಿದ್ದು ಅದೇ ಮೊದಲು.